ಮೆರವಣಿಗೆಗೆ ಒಂದು ರೇಸ್ ಗಾಡಿ

ಶಹಾಬಾದ,
ಯುಗಾದಿ ಮುಗಿದ ವಾರ, ೧೯೭೮

ಚಿರಂಜೀವಿ ಖಂಡೆಪ್ಪನಿಗೆ, ನಿನ್ನ ಸೋದರಮಾವ ಅಂಬಾರಾಯನ ಜೈಭೀಮ ಮತ್ತು ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಸಿಟ್ಟಾಗಬೇಡ. ಹಗಲೆಲ್ಲ ಖಣಿಯಿಂದ ಸ್ಟೇಶನ್ನಿಗೆ ಕಲ್ಲು ಹೊತ್ತ ಲಾರಿ ಓಡಿಸಿ ಮನೆಗೆ ಬಂದರೆ ಪೆನ್ನು ಹಿಡಿಯಲು ಕೈ ಒಪ್ಪುವುದಿಲ್ಲ. ಬೆರಳು ಸ್ಟೇರಿಂಗ್ ಹಿಡಿದ ಹಾಗೆಯೇ ಮಡಚಿಕೊಂಡಿರುತ್ತವೆ. ನೀನು ರಾಯಚೂರಿನ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು, "ಮಾಮಾ, ಆ ಗಾಡಿ ಇಂಜಿನ್ ಮ್ಯಾಲ ಭರೋಸ ಇಡಬಹುದಾ?" ಎಂದು ಒಂದೇ ಸಾಲು ಕೇಳಿಬಿಟ್ಟೆ. ಹೌದು ಇಲ್ಲ ಎಂದು ಒಂದು ಕಾರ್ಡಿನಲ್ಲಿ ಗೀಚುವ ವಿಷಯವಾಗಿದ್ದರೆ ನಾನೂ ಎಂದೋ ಗೀಚಿ ಡಬ್ಬಿಗೆ ಹಾಕುತ್ತಿದ್ದೆ.

ಗಾಡಿ ಮಜೀದಸಾಬನ ಗ್ಯಾರೇಜಿನಲ್ಲಿ ಬೇವಿನ ಗಿಡದ ಕೆಳಗೆ ನಿಂತಿದೆ. ಊರು ಬಿಟ್ಟು ಹೋದ ಯಾರೋ ಇಂಜಿನಿಯರ್ ಸಾಹೇಬರದು. ವಿಲಾಯತಿ ಮಾಲು, ಬೊಂಬಾಯಿಯಲ್ಲಿ ರೇಸಿಗೆ ಓಡುತ್ತಿತ್ತಂತೆ. ಮುಂದೆ ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ. ಕೆಂಪು ಬಣ್ಣ ನಮ್ಮ ಬಿಸಿಲಿಗೆ ಇಟ್ಟಂಗಿ ಬಣ್ಣವಾಗಿದೆ. ಹಿಂದಿನ ಡಿಕ್ಕಿಯ ಮೇಲೆ ಗಾದಿ ಹಾಸಿದರೆ ನೀನು ಬಾಸಿಂಗ ಕಟ್ಟಿಕೊಂಡು ಎತ್ತರದಲ್ಲಿ ಕೂಡಬಹುದು, ನಾನು ಓಡಿಸಬಹುದು. ಮಜೀದಸಾಬ ಅದರ ಬಾನೆಟ್ ತಟ್ಟಿ, ಇದು ಶೇರು ಅಂಬಾರಾಯ, ಶೇರು ಎನ್ನುತ್ತಾನೆ. ಮಾರುವವನು ಹುಲಿ ಎನ್ನದೆ ಕತ್ತೆ ಎನ್ನುತ್ತಾನೆಯೇ?

ಕುದುರೆಯ ಕಥೆ ನಿನಗೆ ಗೊತ್ತೇ ಇದೆ. ಗುಲಬರ್ಗಾದ ಕುದುರೆಯವನು ಮೊದಲು ಹೂಂ ಎಂದ. ಯಾರ ಮದುವೆ, ಯಾವ ಊರು, ಯಾವ ಬೀದಿಯಲ್ಲಿ ಮೆರವಣಿಗೆ ಎಂದು ತಿಳಿದ ಮೇಲೆ ಅವನ ಕುದುರೆಗೆ ಕಾಲುನೋವು ಬಂತು. ಬಾಡಿಗೆ ಮೋಟಾರಿನವರಿಗೂ ಅದೇ ದಿನ ಬೇರೆ ಬೇರೆ ಕೆಲಸ ಬಂದವು. ಹಾಗಾಗಿ ಗಾಡಿಯನ್ನೇ ಕೊಂಡುಬಿಡೋಣ, ನನ್ನ ನಂತರ ಕೇರಿಯ ಉಳಿದ ಹುಡುಗರ ಮದುವೆಗೂ ಆಗುತ್ತದೆ ಎಂದು ನೀನು ಹಿಂದಿನ ಪತ್ರದಲ್ಲಿ ಬರೆದಿದ್ದೆ. ನಾನು ಮದುಮಗನಾಗಿ ಹಳ್ಳದ ದಂಡೆ ಹಿಡಿದು, ಊರ ಹಿಂದಿನಿಂದ ಕೇರಿ ಸೇರಿದವನು. ನಿಮ್ಮಪ್ಪನೂ ಹಾಗೆಯೇ ಬಂದವನು. ಊರ ಅಗಸಿ ಬಾಗಿಲೊಳಗೆ ಹೊಕ್ಕು ಚಾವಡಿಯ ಮುಂದೆ ಹಾಯ್ದು ನಮ್ಮವರ ಯಾವ ಮದುಮಗನೂ ಇದುವರೆಗೆ ಕುಳಿತುಕೊಂಡು ಹೋಗಿಲ್ಲ.

ಕೂಡದು ಎಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲ ಬದಲಾಗಿದೆಯಲ್ಲ, ನಗುತ್ತಾರೆ. ಚಾವಡಿ ಕಟ್ಟೆಯ ಮೇಲೆ ಕೂತವರು ಆಡಿದ ಮಾತು ನಿಮ್ಮವ್ವನ ಕಿವಿಗೆ ಬಿದ್ದಿದೆ. "ಬರ್ಲಿ ಬಿಡ್ರಿ. ಗಾಡಿ ನಿಂತ್ರ ನಮ್ಮ ಎತ್ತು ಅದಾವಲ್ಲ, ಹಗ್ಗ ಕಟ್ಟಿ ಎಳಸ್ತೀವಿ" ಅಂದರಂತೆ. ಅಂದಿನಿಂದ ಅವಳಿಗೆ ಹೊಟ್ಟೆ ತುಂಬ ಊಟವಿಲ್ಲ. ಹೊಡೆದರೆ ಫೌಜದಾರನ ಹತ್ತಿರ ಓಡಬಹುದು, ನಕ್ಕರೆ ಯಾರ ಹತ್ತಿರ ಹೋಗುವುದು? ಅವರ ಎತ್ತು ಎಳೆಯುವ ಗಾಡಿಯ ಮೇಲೆ ನನ್ನ ಮಗ ಬಾಸಿಂಗ ಕಟ್ಟಿಕೊಂಡು ಕೂತಿರುವುದನ್ನು ನಾನು ನೋಡಲಾರೆ ಎಂದು ನನ್ನ ಮುಂದೆ ಅತ್ತಳು. ಇಂಜಿನ್ ಹೇಗಿದೆ ಎಂದು ನೀನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದೂ ಆ ಎತ್ತುಗಳೇ.

ಮೊದಲ ದಿನ ಗಾಡಿಯನ್ನು ವಾಡಿ ರಸ್ತೆಗೆ ಹಚ್ಚಿದೆ. ಏನು ಹೇಳಲಿ ಅಳಿಯಾ, ಹಾರಿತು. ನನ್ನ ತಲೆಯ ಟವೆಲ್ಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಕಾಣುವ ತನಕ ಒಬ್ಬನೇ ಹುಚ್ಚನಂತೆ ನಗುತ್ತಿದ್ದೆ. ಇಷ್ಟು ವರ್ಷ ಲಾರಿಯೊಳಗೆ ಧೂಳು ತಿಂದವನಿಗೆ ಅಷ್ಟು ಸುಖ ಎಲ್ಲಿಂದ ಬರಬೇಕು! ತಕೋ ಎಂದು ನಿನಗೆ ತಾರು ಕಳಿಸಬೇಕೆಂದುಕೊಂಡೇ ಮನೆಗೆ ಬಂದೆ. ಕೈಗೆ ಸಾಬೂನು ಹಚ್ಚುತ್ತಿರುವಾಗ ಹೊಳೆಯಿತು. ಮದುವೆಯ ಮೆರವಣಿಗೆ ಎಂದಾದರೂ ಓಡುತ್ತದೆಯೇ? ಮುಂದೆ ಬ್ಯಾಂಡಿನವರು, ಅವರ ಮುಂದೆ ಕುಣಿಯುವ ಹುಡುಗರು, ಮೂಲೆ ಮೂಲೆಗೆ ನಿಂತು ಮತ್ತೊಂದು ಹಾಡು. ಅಗಸಿಯಿಂದ ಪೆಂಡಾಲಿನವರೆಗೆ ಸುಡುಬಿಸಿಲಲ್ಲಿ ಒಂದನೇ ಗೇರು ಬಿಟ್ಟು ಎರಡಕ್ಕೆ ಹಾಕುವಂತಿಲ್ಲ. ನಾನು ಗಾಡಿ ಓಡುತ್ತದೋ ಎಂದು ನೋಡಿ ಬಂದಿದ್ದೆ, ನಡೆಯುತ್ತದೋ ಎಂದು ನೋಡಿರಲಿಲ್ಲ.

ಮಾರನೆಯ ದಿನ ಮಜೀದಸಾಬನ ಕೊರಳುಪಟ್ಟಿ ಹಿಡಿಯುವುದೊಂದು ಬಾಕಿ. ಕೊನೆಗೆ ಬಾಯಿಬಿಟ್ಟ. ಓಡಿದರೆ ಗಾಳಿ ಬಡಿದು ಇಂಜಿನ್ ತಣ್ಣಗಿರುತ್ತದೆ, ಮೆಲ್ಲಗೆ ನಡೆಸಿದರೆ ರೇಡಿಯೇಟರಿನ ನೀರು ಕುದಿಯುತ್ತದೆ, ಓಡಿಸಲಿಕ್ಕೆ ಮಾಡಿದ ಗಾಡಿಯನ್ನು ದಿಬ್ಬಣದ ಹಿಂದೆ ನಡೆಸುತ್ತೇನೆ ಎಂದರೆ ನಾನೇನು ಮಾಡಲಿ ಎಂದ. ಇದರ ಮೇಲೆ ಸೈಲೆನ್ಸರಿನಿಂದ ನೀಲಿ ಹೊಗೆ ಬೇರೆ. ಆಯಿಲ್ ಕುಡಿಯುತ್ತಿದೆ, ಅಂದರೆ ಒಳಗೆ ಪಿಸ್ಟನ್ ರಿಂಗು ಸವೆದಿವೆ. ಹೊಸವು ಬೇಕೆಂದರೆ ಬೊಂಬಾಯಿ, ಅಲ್ಲಿಯೂ ಸಿಗುತ್ತವೆಂಬ ಖಾತ್ರಿಯಿಲ್ಲ. ಬೇಡ ಎಂದು ಬರೆಯಲು ಕುಳಿತೆ, ನಿನ್ನ ಮುಖ ನೆನಪಾಯಿತು. ತಕೋ ಎಂದು ಬರೆಯಲು ಕುಳಿತೆ, ನಿಮ್ಮವ್ವನ ಅಳು ನೆನಪಾಯಿತು. ಹಿಂಗೇ ಕಾಗದ ಹರಿದು ಹರಿದು ಸಾಕಾಗಿ ಹೋಯಿತು, ಖಂಡೆಪ್ಪ. ನನಗೆ ಗಾಡಿಯ ಚಿಂತೆಗಿಂತ ಈ ಅಂಜಿಕೆಯೇ ಬೇಸರ ಹಿಡಿಸಿದೆ. ಅಂಜಿ ಅಂಜಿ ಮೈ ದಣಿದಿದೆ.

ಅಷ್ಟರಲ್ಲಿ ಮೊನ್ನೆ ನಿಮ್ಮವ್ವ ಬಸ್ಸು ಹತ್ತಿ ತಾನೇ ಬಂದಳು. ಬಂದವಳು ನೀರೂ ಕುಡಿಯದೆ, ಗಾಡಿ ಚಲೋ ಇಲ್ಲ ಅಂತ ಅವನಿಗೆ ಬರೆದುಬಿಡು, ನಿನ್ನ ಮಾತು ಕೇಳುತ್ತಾನೆ, ನಾವು ಹಳ್ಳದ ದಾರಿಯಲ್ಲೇ ಬರೋಣ ಎಂದು ಕೈ ಹಿಡಿದಳು. ಬರೆಯುತ್ತೇನೆ, ಆದರೆ ಒಮ್ಮೆ ನಡೆಸಿ ನೋಡದೆ ಸುಳ್ಳು ಹೇಗೆ ಬರೆಯಲಿ ಎಂದು ಅವಳನ್ನೂ ಗ್ಯಾರೇಜಿಗೆ ಕರೆದೊಯ್ದೆ. ಗಾಡಿಯಲ್ಲಿ ಕೂಡು ಎಂದರೆ ಒಲ್ಲೆ ಎಂದು ಹಟ ಹಿಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಸೀಟು ಸುಡುತ್ತದೆ ಎಂದು ಬೈಯುತ್ತ ಕುಳಿತಳು. ಮಜೀದಸಾಬನನ್ನು ಬ್ಯಾಂಡಿನವರ ಬದಲು ಮುಂದೆ ನಡೆಯಲು ಹಚ್ಚಿದೆ. ಅವನು ಗೊಣಗುತ್ತ, ಬಾಜಾ ಊದುವವನ ಠೀವಿಯಲ್ಲಿ ಹೆಜ್ಜೆ ಹಾಕಿದ. ಅದನ್ನು ನೋಡಿ ನಿಮ್ಮವ್ವ ಎಷ್ಟೋ ದಿನಗಳ ಮೇಲೆ ನಕ್ಕಳು.

ಬಜಾರಿನ ತನಕ ಏನೂ ಆಗಲಿಲ್ಲ. ಬಟ್ಟೆ ಅಂಗಡಿಗಳ ಹತ್ತಿರ ಬಂದಾಗ ಬಿಸಿ ತೋರಿಸುವ ಮುಳ್ಳು ಮೇಲೇರಿತು, ಬಾನೆಟ್ಟಿನಿಂದ ಉಗಿ ಎದ್ದಿತು, ಎರಡು ಸಲ ಕೆಮ್ಮಿ ಗಾಡಿ ನಿಂತುಬಿಟ್ಟಿತು. ಸಂತೆಯ ದಿನ. ಹಿಂದೆ ಟಾಂಗಾದವನು ಚೀರುತ್ತಿದ್ದಾನೆ, ಸುತ್ತ ಮಂದಿ ಮುಕುರಿದ್ದಾರೆ, ಯಾರೋ ನಕ್ಕರು, ಅವರನ್ನು ನೋಡಿ ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಕ್ಕಾ, ಇಳಿ, ದಬ್ಬಿಕೊಂಡು ಹೋಗುತ್ತೇನೆ ಎಂದೆ. ಚಾವಡಿ ಬರುವ ಮೊದಲೇ ಚಪ್ಪಲಿ ಕೈಗೆ ತೆಗೆದುಕೊಂಡು ನಡೆದ ಹೆಂಗಸು ಅವಳು. ಮುಖ ಮುಚ್ಚಿಕೊಂಡು ಇಳಿದು ಓಡುತ್ತಾಳೆ ಎಂದೇ ತಿಳಿದಿದ್ದೆ.

ಅವಳು ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಾ ಯಾಕ ಇಳೀಲಿ? ನಿಂತದ್ದು ಗಾಡಿ. ನೀ ದಬ್ಬು, ನಾ ಕುಂತಿರ್ತೀನಿ."

ಕುಳಿತೇ ಇದ್ದಳು, ಖಂಡೆಪ್ಪ. ಬೆನ್ನು ನೆಟ್ಟಗೆ, ಎರಡೂ ಕೈ ತೊಡೆಯ ಮೇಲೆ. ನಾನು ಒಂದು ಕೈ ಸ್ಟೇರಿಂಗಿಗೆ, ಹೆಗಲು ಬಾಗಿಲಿಗೆ ಕೊಟ್ಟು ದಬ್ಬಿದೆ. ಮಜೀದಸಾಬ ಹಿಂದಿನಿಂದ ನನ್ನ ವಂಶವನ್ನೆಲ್ಲ ಬೈಯುತ್ತ ದಬ್ಬಿದ. ಮಂದಿ ಇನ್ನೂ ಸ್ವಲ್ಪ ನಕ್ಕರು. ಕೂತವಳು ತಲೆ ತಗ್ಗಿಸಲಿಲ್ಲ, ಬಿರುನೋಟವನ್ನೂ ಬಿಡಲಿಲ್ಲ. ನಗುವವರಿಗೇ ಬೇಸರ ಬಂತೋ ಏನೋ, ಒಬ್ಬೊಬ್ಬರೇ ಸಂತೆಗೆ ಸರಿದರು. ಗುರುತಿಲ್ಲದ ಇಬ್ಬರು ಹಮಾಲರು ಬಂದು, ಕರೆಯದೆಯೇ ಹೆಗಲು ಕೊಟ್ಟರು. ಗ್ಯಾರೇಜು ಮುಟ್ಟಿದ ಮೇಲೆ ಅವಳು ಇಳಿದು ಸೀರೆ ಝಾಡಿಸಿ, ಹಸಿವಾಗಿದೆ, ಏನಾದರೂ ತಿನ್ನೋಣ ನಡಿ ಎಂದಳು. ಮೂರು ರೊಟ್ಟಿ ತಿಂದಳು.

ಈಗ ನಿನ್ನ ಮಾತಿಗೆ ಉತ್ತರ. ಇಂಜಿನ್ ಮೇಲೆ ಭರೋಸ ಇಲ್ಲ. ನಾನೂ ಮಜೀದಸಾಬನೂ ರೇಡಿಯೇಟರ್ ತೊಳೆಯುತ್ತೇವೆ, ಹೊಸ ಬೆಲ್ಟು ಹಾಕುತ್ತೇವೆ, ಮೆರವಣಿಗೆಯ ಜೊತೆ ಕೊಡ ಕೊಡ ನೀರು ಹೊರಿಸುತ್ತೇವೆ. ಆದರೂ ಅದು ನಿಲ್ಲುತ್ತದೆ. ಪೆಂಡಾಲು ಮುಟ್ಟುವ ಮೊದಲೇ ನಿಲ್ಲುತ್ತದೆ, ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ಹೇಳುತ್ತಿದ್ದೇನೆ. ಗಾಡಿಯನ್ನು ನಿನ್ನೆಯೇ ಕೊಂಡುಕೊಂಡೆ. ದಬ್ಬಲು ಕೇರಿಯ ಗಂಡಸರಿಗೆಲ್ಲ ಹೇಳಿ ಕಳಿಸಿದ್ದೇನೆ. ನನ್ನ ಪಕ್ಕದ ಸೀಟಿನಲ್ಲಿ ನಿಮ್ಮವ್ವ ಕೂಡುತ್ತಾಳೆ, ಅದನ್ನು ಅವಳೇ ಗೊತ್ತು ಮಾಡಿದ್ದಾಳೆ, ನನ್ನನ್ನು ಕೇಳಲಿಲ್ಲ.

ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ ನಿನಗೆ ಇಷ್ಟೇ ಬರೆ ಎಂದಳು.

"ಚಾವಡಿ ಮುಂದ ನಿಂತ್ರೂ ಇಳೀಬ್ಯಾಡ ಅಂತ ಬರಿ."

ಬರೆದಿದ್ದೇನೆ. ಮೈ ಕಡೆ ಜೋಕೆ. ನಿನಗೂ ಬರುವ ಸೊಸೆಗೂ ನೂರು ವರ್ಷ ಆಯುಷ್ಯವಿರಲಿ. ಕೂತುಕೊಂಡೇ ಬಾ, ಮಗನೇ.

ಹೆಗಲು ನೋಯುತ್ತಿರುವ ನಿನ್ನ ಮಾಮ,
ಅಂಬಾರಾಯ