ಅಜ್ಜಿಯ ಮಿಸ್ಡ್ ಕಾಲ್

ಅಕ್ಟೋಬರ್ 5, ಭಾನುವಾರ. ಸಂಜೆ 6

ಇವತ್ತೂ ಇಲ್ಲ. ಇಪ್ಪತ್ತು ನಿಮಿಷ ಮೈಕ್ ಹಿಡಿದು ಗಂಟಲು ಹರಿದುಕೊಂಡೆ. ಒಂದೇ ಒಂದು ರೀಲೋಡ್ ಸಿಗಲಿಲ್ಲ.

ನಮ್ಮ ರೇಡಿಯೊದ ಪದ್ಧತಿ ಸರಳ. ಮಾರ್ಲನ್ ತಾಳ ಹಾಕುತ್ತಾನೆ, ನಾವು ಸರದಿಯ ಮೇಲೆ ರ‍್ಯಾಪ್ ಮಾಡುತ್ತೇವೆ. ಸಾಲು ಹಿಡಿಸಿದರೆ ಕೇಳುಗರು ಸ್ಟುಡಿಯೊ ಫೋನಿಗೆ ಮಿಸ್ಡ್ ಕಾಲ್ ಕೊಡಬೇಕು. ನಾಲ್ಕಾರು ಕಾಲ್ ಬಂದರೆ ಅವನು ಹಾಡನ್ನು ಸರ್ರನೆ ಹಿಂದಕ್ಕೆಳೆದು ಮೊದಲಿನಿಂದ ಬಿಡುತ್ತಾನೆ, ಅದೇ ರೀಲೋಡ್. ಕೊಟ್ಟವರ ಹೆಸರು ಹೇಳುವುದಿಲ್ಲ, ನಂಬರಿನ ಕೊನೆಯ ಮೂರು ಅಂಕಿ ಅಷ್ಟೇ. ಮಾರ್ಲನ್ನೇ ಮೈಕ್ ಹಿಡಿದರೆ ನಮ್ಮ ಡಡ್ಲಿ ಊರಿನ ಅರ್ಧ ಜನ ಕಾಲ್ ಕೊಡುತ್ತಾರೆ. ಎಲ್ಲರಿಗಿಂತ ಮೊದಲು 317.

ಆ 317 ನನ್ನ ಅಜ್ಜಿ, ಬೆರಿಲ್. ನನ್ನನ್ನು ಸಾಕಿದವಳು. ಪರರ ಮೊಮ್ಮಗನಿಗೆ ವಾರವಾರವೂ ಕೊಡುತ್ತಾಳೆ. ನನಗೆ ಮೂರು ವರ್ಷದಲ್ಲಿ ಒಂದೂ ಇಲ್ಲ!

ಮನೆಗೆ ಬಂದವಳೇ ಕೇಳಿಬಿಟ್ಟೆ. ಇಸ್ತ್ರಿ ನಿಲ್ಲಿಸದೆ ಹೇಳಿದಳು: "ಯಾವಾಕಿನೋ ಲಂಡನ್ ಹುಡುಗಿ ಮಾತಾಡ್ತಿದ್ಳು. ಆಕಿ ಯಾರಂತ ನನಗೇನ್ ಗೊತ್ತವಾ? ನಮ್ಮ ಟೇಗನ್ ಬಂದ ದಿನ ಕೊಡ್ತೀನಿ."

ಟೇಗನ್ ನಾನೇ ಅಲ್ಲವಾ! ಮೈಯೆಲ್ಲ ಉರಿಯಿತು. ಊಟ ಬೇಡ ಅಂದೆ. ಆಮೇಲೆ ಹೊಟ್ಟೆ ಕೇಳಲಿಲ್ಲ, ಬಂದು ತಿಂದೆ. ಏನೂ ಆಗಿಲ್ಲವೆಂಬ ಹಾಗೆ ಬಡಿಸಿದಳು.

ಅಕ್ಟೋಬರ್ 8, ಬುಧವಾರ

ನಾನು ಕೆಲಸ ಮಾಡುವ ಚಿಪ್ಸ್ ಅಂಗಡಿಗೆ ಮಾರ್ಲನ್ ಬಂದಿದ್ದ. ನಾನು ಬಾಣಲೆಯ ಹತ್ತಿರ, ಚಿಪ್ಸ್‌ಗೆ ಕಿತ್ತಳೆ ಬಣ್ಣದ ಹಿಟ್ಟು ಕಲಸುತ್ತಿದ್ದೆ. ಅಜ್ಜಿಯ ಮೇಲೆ ದೂರು ಹೇಳಿದೆ. ಅವನು ಅಜ್ಜಿಯ ಪಕ್ಷ. ದ್ರೋಹಿ.

ಅವನು ಹೇಳಿದ್ದು ಇಷ್ಟು. ಲಂಡನ್ನಿನವರು ಪದದ ಬಾಲ ಕಚ್ಚಿ ತುಂಡರಿಸುತ್ತಾರೆ, ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆ ಓಡುತ್ತಾರೆ. ಅವರ ಬಾಯಿಗೆ ಅದು ಸರಿ. ನಮ್ಮ ಬಾಯಿ ಹಾಗಲ್ಲ. ನಾವು ಎಳೆಯುತ್ತೇವೆ, ಮಾತಿನ ಕೊನೆಗೆ ಬಂದಾಗ ಸ್ವರ ಕೆಳಗಿಳಿದು ಕೂತುಬಿಡುತ್ತದೆ. ಆದ್ದರಿಂದ ತಾಳದ ಹಿಂದೆ ನಿಧಾನಕ್ಕೆ ಬರಬೇಕು, ಸಾಲಿಗೆ ನಾಲ್ಕು ಪದ ಕಡಿಮೆ ಹಾಕಬೇಕು. "ಬಸ್ಸು ಎಂದೂ ನಿಲ್ಲದ ಸ್ಟಾಪಿನಾಗ ನೀ ನಿಂತು ಕಾಯಾಕತ್ತಿ," ಅಂದ.

ನಮ್ಮ ಮಾತು ಕೇಳಿದರೆ ದೇಶವೆಲ್ಲ ನಗುತ್ತದಲ್ಲ, ದಡ್ಡರು ಅನ್ನುತ್ತದಲ್ಲ, ಎಂದೆ. ಅವನ ಅಜ್ಜ ಜಮೈಕಾದಿಂದ ಬಂದಾಗಲೂ ನಕ್ಕಿದ್ದರಂತೆ. ಅಜ್ಜ ಮಾತು ಬದಲಿಸಲಿಲ್ಲವಂತೆ, ಹಾಡು ಹಾಕುವ ಸೌಂಡ್ ಬಾಕ್ಸನ್ನೇ ದೊಡ್ಡದು ಮಾಡಿದನಂತೆ.

ನಾನು ಕಲಿತದ್ದೆಲ್ಲ ಲಂಡನ್ನಿನ ಟೇಪುಗಳಿಂದ. ಅವರ ಕೆಮ್ಮು ಸಹ ಬಾಯಿಪಾಠ. ಈಗ ಏನು ಮಾಡಲಿ…

ನವೆಂಬರ್ 1, ಶನಿವಾರ

ಬರೆಯಲು ಕೈ ಬರಲಿಲ್ಲ.

ಹೋದ ತಿಂಗಳ ಹದಿಮೂರನೇ ತಾರೀಖು ಅಜ್ಜಿಗೆ ಸ್ಟ್ರೋಕ್ ಆಯಿತು. ಇಸ್ತ್ರಿ ಮೇಜಿನ ಪಕ್ಕದಲ್ಲೇ ಬಿದ್ದಿದ್ದಳು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಒಂದೇ ಪದ ಉಳಿದಿದೆ: "ಇಲ್ಲ". ಚಹಾ ಬೇಕಾ? ಇಲ್ಲ. ಅಂದು ಕೈ ಚಾಚುತ್ತಾಳೆ.

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಬಾಯಿ ಅದು. ರೇಡಿಯೊ ಬಿಟ್ಟಿದ್ದೇನೆ. ಯಾರಿಗೆ ಬೇಕು.

ನವೆಂಬರ್ 6, ಗುರುವಾರ. ಮಧ್ಯಾಹ್ನ, ವಾರ್ಡಿನಲ್ಲಿ

ಮಾತು ಕಲಿಸುವ ರೂತ್ ಎಂಬಾಕೆ ಬಂದಿದ್ದರು. ಮಾತು ಬಾರದವರಿಗೂ ಲಯವಿದ್ದರೆ ಕೆಲವೊಮ್ಮೆ ಪದ ಬರುತ್ತದಂತೆ. ಪ್ರಾರ್ಥನೆ, ಹಳೇ ಹಾಡು, ದಿನವೂ ಆಡಿದ ಮಾತು. ನಿಮಗೆ ಹಾಡು ಬರುತ್ತದಾ ಅಂದರು. ರ‍್ಯಾಪ್ ಬರುತ್ತದೆ ಅನ್ನಲು ನಾಚಿಕೆಯಾಯಿತು, ಆದರೂ ಅಂದೆ.

ಅವರು ಹೋದ ಮೇಲೆ ನನ್ನ ಅತ್ಯುತ್ತಮ ಸಾಲುಗಳನ್ನು ಹೇಳಿದೆ. ಅಜ್ಜಿ ಗೋಡೆ ಕಡೆ ತಿರುಗಿದಳು. "ಇಲ್ಲ." ಈ ಸಲ ಇಲ್ಲ ಅಂದರೆ ಇಲ್ಲವೇ.

ನಗು ಬಂತು. ಅಳುವೂ ಬಂತು. ಆಮೇಲೆ ತಲೆಗೆ ಬೇರೇನೂ ಹೊಳೆಯದೆ, ಅಂಗಡಿಗೆ ಬಂದಾಗ ಅವಳು ನನಗೆ ಹೇಳುತ್ತಿದ್ದುದನ್ನೇ ಮಂಚದ ಕಂಬಿ ತಟ್ಟುತ್ತ ಹೇಳಿದೆ. ಅವಳ ಹಾಗೇ ಎಳೆದು:

"ಸಣ್ಣ ಪೊಟ್ಟಣ ಕಟ್ಟವಾ, ಕೈ ಮಾತ್ರ ದೊಡ್ಡದಿಡು,
ಬಸ್ಸು ಹೋದ್ರ ಹೋಗ್ಲಿ ಬಿಡು, ವಿನಿಗರ್ ಮ್ಯಾಲಿಂದ ಬಿಡು."

ಇನ್ನೊಮ್ಮೆ. ಮತ್ತೊಮ್ಮೆ. ತಾಳ ತಾನಾಗಿ ನಿಧಾನವಾಯಿತು. ನಾಲ್ಕನೇ ಸಲ "ಕೈ ಮಾತ್ರ" ಅಂದು ಉಸಿರಿಗೆ ನಿಂತೆ.

"ದೊಡ್… ದಿಡು."

ಅಜ್ಜಿ! ನನಗಿಂತ ಅವಳೇ ಹೆಚ್ಚು ಬೆಚ್ಚಿದಳು. ನಾನು ಕಂಬಿ ತಟ್ಟುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಲು ಭಯ. ಆರು ಸಲ ಹೇಳಿದಳು. ಪಕ್ಕದ ಹಾಸಿಗೆಯ ಹೆಂಗಸೂ ಶುರು ಮಾಡಿದಳು. ದೇವರೇ, ಆ ಬಾಣಲೆಗೂ, ಆ ಅಂಗಡಿಗೂ, ನನ್ನ ಊರಿನ ದಡ್ಡ ಮಾತಿಗೂ ಕೈಮುಗಿದೆ.

ನವೆಂಬರ್ 14, ಶುಕ್ರವಾರ

ದಿನವೂ ಹೋಗುತ್ತಿದ್ದೇನೆ. ಸಾಲು ಹದಿನಾರಾಗಿದೆ. ಗಿರಾಕಿಗಳ ಮಾತು, ಕಾಲುವೆ ಸೇತುವೆ, ಅಜ್ಜಿ ದುಡಿದ ಬೀಗದ ಕಾರ್ಖಾನೆ. ಬಾಯಿ ಹೇಗಿದೆಯೋ ಹಾಗೇ. ಮಾರ್ಲನ್‌ಗೂ ಕೇಳಿಸಿದೆ. ಭಾನುವಾರ ನಾಲ್ಕಕ್ಕೆ ಬಾ ಅಂದ.

ಅಜ್ಜಿ ಬೇರೆ ಪದ ಹೇಳುತ್ತಿಲ್ಲ. ನನ್ನ ಹೆಸರೂ ಇಲ್ಲ. ಕೇಳಬಾರದು, ಆದರೂ ಆಸೆ.

ನವೆಂಬರ್ 16, ಭಾನುವಾರ. ಸಂಜೆ 7

ಇವತ್ತೇ ಬರೆಯಬೇಕು.

ಬೆಳಿಗ್ಗೆ ಅಜ್ಜಿಯ ದಿಂಬಿನ ಹತ್ತಿರ ಪುಟ್ಟ ರೇಡಿಯೊ ಇಟ್ಟು ಬಂದಿದ್ದೆ. ಕೇಳಲಿ ಅಂತ ಅಷ್ಟೇ. ಅವಳ ಮೊಬೈಲು ಡ್ರಾಯರಿನಲ್ಲಿತ್ತು.

ಮೊದಲ ಎರಡು ಸಾಲಿಗೆ ನನ್ನದೇ ಧ್ವನಿ ಕೇಳಿ ಹೆದರಿಕೆಯಾಯಿತು. ಬತ್ತಲೆ ನಿಂತ ಹಾಗೆ. ಇನ್ನು ನಗುತ್ತಾರೆ ಅಂದುಕೊಂಡೆ. "ಕೈ ಮಾತ್ರ ದೊಡ್ಡದಿಡು" ಬಂತು. ಸ್ಟುಡಿಯೊ ಫೋನಿನ ಪರದೆ ಹೊತ್ತಿಕೊಂಡಿತು. ಒಂದು ರಿಂಗ್, ಕಟ್.

ಮಾರ್ಲನ್ ನೋಡಿದ. ನನ್ನನ್ನು ನೋಡಿದ. ಹಾಡನ್ನು ಸರ್ರನೆ ಹಿಂದಕ್ಕೆಳೆದ. ಒಂದು ಕಾಲ್‌ಗೆ ಯಾರೂ ಎಳೆಯುವುದಿಲ್ಲ, ಅವನು ಎಳೆದ. ಮೈಕಿಗೆ ಬಾಗಿದ.

"ಮೂರು, ಒಂದು, ಏಳು. ಅಜ್ಜಿ, ಸಿಕ್ತು. ಮೊದಲಿಂದ ಬರ್ತೈತಿ."

ಮೊದಲಿನಿಂದ ಹೇಳಬೇಕಾದವಳು ನಾನು. ಬಾಯಿ ತೆರೆದರೆ ಅಳು. ಹೇಗೋ ಹೇಳಿದೆ. ಆಮೇಲೆ ಕಾಲ್‌ಗಳು ಬಂದವು, 904, 226, ಇನ್ನೂ ಎಷ್ಟೋ. ನನಗೆ ಲೆಕ್ಕಕ್ಕಿಲ್ಲ.

ಆಸ್ಪತ್ರೆಗೆ ಓಡಿದೆ. ನರ್ಸ್ ಹೇಳಿದರು: ಅಜ್ಜಿ ಎಡಗೈಯಲ್ಲಿ ಡ್ರಾಯರ್ ಬಡಿದೂ ಬಡಿದೂ ಮೊಬೈಲು ತೆಗೆಸಿಕೊಂಡಳಂತೆ, ಯಾರಿಗೂ ಮುಟ್ಟಲು ಬಿಡಲಿಲ್ಲವಂತೆ. ಒಂದು ರಿಂಗಿಗೆ ಸರಿಯಾಗಿ ಕತ್ತರಿಸಿದಳಂತೆ. ಹಳೇ ಕೈ.

ನನ್ನನ್ನು ಕಂಡು ಸೊಟ್ಟ ಮುಖದಲ್ಲೇ ನಕ್ಕಳು. "ನಮ್ಮ," ಅಂದಳು. ಮುಂದಿನ ಪದ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ.

ನವೆಂಬರ್ 30, ಭಾನುವಾರ. ಬೆಳಿಗ್ಗೆ 10

ಅಜ್ಜಿ ಮನೆಗೆ ಬಂದು ಮೂರು ದಿನ. ಕೆಳಗಿನ ಕೋಣೆಯಲ್ಲಿ ಮಂಚ. ಪದಗಳು ಹನ್ನೊಂದು ಆಗಿವೆ, ಅದರಲ್ಲಿ ಮೂರು ಬೈಗುಳ. ರೂತ್‌ಗೆ ಹೂವು ಕೊಡಬೇಕು, ಮಾರ್ಲನ್‌ಗೆ ಜೀವನಪೂರ್ತಿ ಚಿಪ್ಸ್. ಯಾರ್‍ಯಾರಿಗೆ ಋಣಿ ಅಂತ ಬರೆಯೋಣವೆಂದು ಕೂತೆ. ಸಂಜೆಯ ಹೊಸ ಸಾಲುಗಳನ್ನೂ ಮಧ್ಯೆ ಮಧ್ಯೆ ಜೋರಾಗಿ ಹೇಳಿಕೊಳ್ಳುತ್ತಿದ್ದೇನೆ, ನಾನಿರುವುದು ಮಹಡಿಯ ಮೇಲೆ, ಕೆಳಗೆ ಯಾರಿಗೆ ಕೇಳಬೇಕು—

ನನ್ನ ಫೋನ್. ಒಂದು ರಿಂಗ್, ಕಟ್. 317.

ಬಂದೆ ಅಜ್ಜಿ, ಮೊದಲಿಂದ ಹೇಳ್ತೀನಿ.