ಎಲ್ಲಕ್ಕೂ ಒಂದೇ ಕಂದು ಬಣ್ಣ

ಪರೀಕ್ಷಾಲಯದ ಮಾನ್ಯ ಮುಖ್ಯಸ್ಥರೇ,

ನನ್ನ ಮೊಮ್ಮಗಳ ಮಿದುಳಿನ ವರದಿಗೆ ‘ಸಹಜ’ ಎಂದು ಸಹಿ ಹಾಕಿ ನೀವು ಕೈತೊಳೆದುಕೊಂಡಿರಿ. ಆ ಸಹಿ ಬಿದ್ದ ಪರೀಕ್ಷೆಯೇ ತಪ್ಪು ಎಂದು ಎಷ್ಟೋ ಸಲ ಬರೆದೆ, ಉತ್ತರವಿಲ್ಲ. ಮುಚ್ಚಿದ ಲಕೋಟೆ ಒಡೆಯಲು ತಮಗೆ ಪುರುಸೊತ್ತಿಲ್ಲವೆಂದು ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮೂರು ತಿಂಗಳ ಕೂಸು. ಹಾಲು ಕುಡಿದು ತಾಯಿಯ ಪಕ್ಕದಲ್ಲಿ ಮಲಗಿದ್ದು ಏಳಲೇ ಇಲ್ಲ. ಗಾಯವಿಲ್ಲ, ಜ್ವರವಿಲ್ಲ. ಇಂಥ ಕೆಲವು ಮಕ್ಕಳಲ್ಲಿ, ನಿದ್ದೆಯಲ್ಲಿ ಉಸಿರು ತಡೆದಾಗ ಎಚ್ಚರಿಸಲು ಬೇಕಾದ ಸೆರೊಟೋನಿನ್ ಎಂಬ ರಾಸಾಯನಿಕ ಮಿದುಳಿನ ಕಾಂಡದಲ್ಲಿ ಸಾಕಷ್ಟು ತಯಾರಾಗಿರುವುದಿಲ್ಲ. ಅದನ್ನು ತಯಾರಿಸುವ ಕಿಣ್ವ ಎಷ್ಟಿದೆ ನೋಡಿ ಎಂದು ಮಗುವಿನ ಮಿದುಳಿನ ಕಾಂಡದ ತುಣುಕನ್ನು ನಿಮಗೆ ಒಪ್ಪಿಸಿದವರು ನಾವೇ. ನನ್ನ ಸೊಸೆ ಒಪ್ಪಿಗೆ ಕೊಡುವಾಗ ಅವಳ ಭುಜ ಹಿಡಿದು ನಿಂತಿದ್ದವಳು ನಾನು.

ಆ ಕಿಣ್ವಕ್ಕೆ ಎರಡು ರೂಪಗಳಿವೆ ಎಂಬುದು ತಮಗೆ ತಿಳಿಯದೆಂದು ಹೇಳುವ ಧೈರ್ಯ ನನಗಿಲ್ಲ. ಒಂದು ಮುಖ್ಯವಾಗಿ ಕರುಳಿನ ಒಳಪದರದಲ್ಲಿ ದುಡಿಯುತ್ತದೆ, ಇನ್ನೊಂದು ಮಿದುಳಿನ ನರಕೋಶಗಳಲ್ಲಿ. ಬೇಕಾಗಿದ್ದದ್ದು ಮಿದುಳಿನದನ್ನು ಮಾತ್ರ ಗುರುತು ಹಿಡಿದು ಅಂಟಿ, ಅಂಟಿದಲ್ಲಿ ಕಂದು ಬಣ್ಣ ತೋರಿಸುವ ಪ್ರತಿಕಾಯ. ನೀವು ಬಳಸಿದ್ದು ಕೈಗೆ ಸಿಕ್ಕ ಹಳೆಯದನ್ನು. ಚುನಾವಣೆಗೆ ನಿಂತವರು ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಳ್ಳುವಂತೆ ಅದು ಎರಡು ರೂಪಗಳಿಗೂ ಅಂಟುತ್ತದೆ. ಸಾಲದ್ದಕ್ಕೆ ಅದೇ ಮನೆತನದ ಬೇರೆ ಕಿಣ್ವಗಳಿಗೂ ಅಂಟುತ್ತದೆ, ಅವು ಮಿದುಳಿನ ಕಾಂಡದಲ್ಲಿ ಧಾರಾಳವಾಗಿವೆ. ಹೀಗಿರುವಾಗ ನೀವು ಕಂಡ ಬಣ್ಣ ಯಾವುದರದ್ದು?

ನಾನೂ ಇದೇ ಕೆಲಸ ಮಾಡಿ ನಿವೃತ್ತಳಾದವಳು. ಮಿದುಳಿನ ತುಣುಕಿನ ಪಕ್ಕದಲ್ಲೇ ಕರುಳಿನ ಒಳಪದರದ ತುಣುಕೊಂದನ್ನು ಅದೇ ಗಾಜಿನ ಮೇಲೆ ಇಡುವುದು ನಮ್ಮಲ್ಲಿ ರೂಢಿ. ಮಿದುಳಿನ ರೂಪಕ್ಕೆಂದು ತಂದ ಪ್ರತಿಕಾಯ ಅಲ್ಲಿಗೂ ಬಣ್ಣ ಹಚ್ಚಿದರೆ ಅದನ್ನು ನಂಬಬಾರದು. ನಿಮ್ಮವರೂ ಇಟ್ಟಿದ್ದರು. ನಿಮ್ಮಲ್ಲಿಗೇ ಬಂದು ಹಠ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎರಡರಲ್ಲೂ ಅದೇ ಗಾಢ ಕಂದು. ನಿಮಗೆ ತೋರಿಸಿದೆ. ತಾವು ಕನ್ನಡಕ ಹಣೆಗೇರಿಸಿ ಇಣುಕಿ, “ಬಣ್ಣ ತುಂಬಾ ಚೆನ್ನಾಗಿ ಬಂದಿದೆ ಅಲ್ವಾ ಮೇಡಂ?” ಎಂದಿರಿ. ಚೆನ್ನಾಗಿ ಬರಲು ಅದೇನು ಗೋಡೆಗೆ ಬಳಿದ ಸುಣ್ಣವೇ? ಮೋಸ ಹಿಡಿಯಲೆಂದೇ ಇಟ್ಟ ತುಣುಕು ಬಾಯಿಬಿಟ್ಟು ಹೇಳುತ್ತಿದ್ದರೂ ಅದರ ಅಂದ ನೋಡಿ ಸಹಿ ಹಾಕಿದವರನ್ನು ನಾನು ಇದೇ ಮೊದಲು ಕಂಡದ್ದು.

‘ಸಹಜ’ ಎಂದರೆ ನಿಮ್ಮ ಕಚೇರಿಯಲ್ಲಿ ಕಡತ ಮುಚ್ಚಿತು ಎಂದರ್ಥ. ನಮ್ಮ ಮನೆಯಲ್ಲಿ, ಮಗು ಸರಿಯಿತ್ತು ಎಂದಾದರೆ ತಪ್ಪು ತಾಯಿಯದೇ ಎಂದರ್ಥ. ವರದಿ ಬಂದ ದಿನ ನನ್ನ ನಾದಿನಿ ಅಡುಗೆಮನೆಯಲ್ಲಿ ದನಿ ತಗ್ಗಿಸಿ, “ನಿದ್ದೇಲಿ ಮಗು ಮೇಲೆ ಮಗ್ಗುಲು ಹೊರಳಿರ್ತಾಳೆ ಬಿಡು ಅತ್ತಿಗೆ. ಪಾಪ, ಬೇಕೂಂತ ಮಾಡಿದ್ದಲ್ವಲ್ಲ” ಎಂದಳು. ಅಲ್ಲೇ ತಟ್ಟೆ ಒರೆಸುತ್ತಿದ್ದ ಸೊಸೆ ಒರೆಸುತ್ತಲೇ ಇದ್ದಳು. ನನ್ನ ಮಗ, ಅವಳ ಗಂಡ, ಕೈಯಲ್ಲಿದ್ದ ಲೋಟ ಇಟ್ಟು ಹೊರಗೆ ಹೋದ. ಅವನೂ ನಿಮ್ಮ ವರದಿ ಓದಿದ್ದನಲ್ಲ.

ಮತ್ತೆ ಪರೀಕ್ಷಿಸಿದರೆ ಕಿಣ್ವ ಕಡಿಮೆಯೆಂದೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಏನೂ ಸಿಗದೆಯೂ ಇರಬಹುದು. ಆಗ ‘ಕಾರಣ ಗೊತ್ತಿಲ್ಲ’ ಎಂದು ಬರೆಯಿರಿ. ದೊಡ್ಡ ಕುರ್ಚಿಯಲ್ಲಿ ಕೂತವರಿಗೆ ‘ಗೊತ್ತಿಲ್ಲ’ ಎನ್ನುವುದು ಅಷ್ಟೊಂದು ಕಷ್ಟವೇ?

ಮೇಣದಲ್ಲಿ ಕೂರಿಸಿದ ತುಣುಕು ಇನ್ನೂ ನಿಮ್ಮಲ್ಲಿದೆ. ತಿಂಗಳ ಕೊನೆಗೆ ವಿಲೇವಾರಿಯಂತೆ; ನಿಮ್ಮ ಗುಮಾಸ್ತರು ಫೋನಿನಲ್ಲಿ ತಿಳಿಸಿದರು. ಅದನ್ನು ಎಸೆಯಕೂಡದು. ಎರಡು ರೂಪಗಳನ್ನು ಬೇರ್ಪಡಿಸಿ ತೋರಿಸುವ ಪ್ರತಿಕಾಯದಿಂದ ಮತ್ತೆ ಪರೀಕ್ಷಿಸಿ, ಇಲ್ಲವೇ ಮಾಡಬಲ್ಲವರಿಗೆ ಕೊಡಿ. ಅಲ್ಲಿಯವರೆಗೆ ‘ಸಹಜ’ ಎಂಬ ಮಾತನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ.

ಅವಸರ ಏಕೆಂದರೆ, ಸೊಸೆ ಮತ್ತೆ ಬಸುರಿ. ಮೊನ್ನೆ ನನ್ನ ಪಕ್ಕ ಬಂದು ಕೂತು, “ಅತ್ತೆ, ಈ ಮಗು ನಿಮ್ಮ ರೂಮಲ್ಲೇ ಇರಲಿ. ಹಾಲು ಕುಡಿಸೋಕೆ ಮಾತ್ರ ನನ್ನನ್ನ ಕರೀರಿ. ಕುಡಿಸೋವಾಗ ನೀವು ಅಲ್ಲೇ ಕೂತು ನನ್ನನ್ನ ನೋಡ್ತಾ ಇರಿ” ಎಂದಳು.

ಇಂತಿ,
ನಿಮ್ಮ ಉತ್ತರಕ್ಕಿಂತ ಮೊದಲು ಆ ಮಗುವೇ ಬಂದೀತೆಂದು ಹೆದರಿರುವ
ಅವಳ ಅತ್ತೆ