ಮಾವನ ಕ್ಯಾಸೆಟ್ಟು

ಫೆಬ್ರವರಿ 16, ಭಾನುವಾರ. ಚಿತ್ರದುರ್ಗ.

ಮಗಳು ಕಾವ್ಯಶ್ರೀಯ ಎರಡು ವಾರದ ಕೆಲಸ ಇವತ್ತು ಒಂದು ನಿಮಿಷದಲ್ಲಿ ಅಳಿಸಿಹೋಯಿತು. ಅಳಿಸಿದವಳು ಅವಳೇ.

ಈರಬಸಪ್ಪ ಮಾವ ಮೂವತ್ತೈದು ವರ್ಷದ ಹಿಂದೆ ಧರ್ಮಪುರದ ಆರ್ಕೆಸ್ಟ್ರಾದಲ್ಲಿ ಸಿಂಥಸೈಜರ್ ನುಡಿಸಿದ್ದರ ಕ್ಯಾಸೆಟ್ ಒಂದೇ ಉಳಿದಿದೆ. ಇವಳು ಅದನ್ನು ಕೇಳಿ ಕೇಳಿ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸ್ವರ ಕೂರಿಸಿ, ಆ ಹಳೆಯ ಯಂತ್ರದ ಗೊಗ್ಗರು ದನಿಯನ್ನೂ ತಂದಿದ್ದಳು. ಹಾಡಿನ ನಡುವೆ ಸ್ವರಗಳೆಲ್ಲ ಒಮ್ಮೆ ಮೆಲ್ಲಗೆ ಕುಸಿದು ಏಳುತ್ತವೆ. ನನಗೆ ಅದೇ ಜಾಗ ಪ್ರಾಣ. ಅದನ್ನು ಹಾಗೇ ತರಲು ಅವಳು ಹದಿನಾಲ್ಕು ದಿನ ಹೆಣಗಿದ್ದಳು.

ಇವತ್ತು ಹೊಸದುರ್ಗಕ್ಕೆ, ಮಾವನ ಮನೆಗೆ ಹೋಗಿ ಕೇಳಿಸಿದೆವು. ಆ ಜಾಗ ಬಂದಾಗ ಮಾವ ಮುಖ ಸಿಂಡರಿಸಿದರು.

"ಅದು ನಾನು ನುಡಿಸಿದ್ದಲ್ಲ ಕಣವ್ವ, ಜನರೇಟರ್ ನುಡಿಸಿದ್ದು! ಸ್ಟೇಜಿನ ಲೈಟೆಲ್ಲ ಹಾಕಿದ ಕೂಡ್ಲೇ ಕರೆಂಟು ಸಾಲ್ದೆ ಶ್ರುತಿ ಬಿದ್ದೋತು. ಜನ ನಕ್ಕಿದ್ದು ಇನ್ನೂ ಕಿವಿಯಾಗೈತೆ."

ಆ ಕುಸಿತವೇ ಕವಿತೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಾವ್ಯಶ್ರೀ ಮಾತ್ರ "ಒಂದ್ನಿಮಿಷ ಇರ್ರಿ ತಾತ" ಎಂದು ಆ ಕುಸಿತವನ್ನಷ್ಟೂ ಅಳಿಸಿ, ಅಲ್ಲಿನ ಸ್ವರಗಳನ್ನು ನೆಟ್ಟಗೆ ಮಾಡಿ ಮತ್ತೆ ಕೇಳಿಸಿದಳು. ಮುಖದಲ್ಲಿ ಬೇಸರದ ಒಂದು ಗೆರೆಯೂ ಇರಲಿಲ್ಲ. ಎಲ್ಲಿ ಕಲಿತಳೋ ಇದನ್ನು.

ಮಾವ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮತ್ತೇನ ಕರಿ. ಅವತ್ತು ನಾನು ನುಡಿಸಿದ್ದು ಹಿಂಗೆ ಅಂತ ಅವಳೂ ಕೇಳ್ಲಿ" ಎಂದರು.